ಲಾರಿ ಊರೊಳಗೆ ಬಂದಾಗ ಮಾತ್ರ ಮುಗ್ಗರಿಸುತ್ತಿತ್ತು

ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಕಂಪ್ಯೂಟರ್ ಆಟ ಯುರೋ ಟ್ರಕ್ ಸಿಮ್ಯುಲೇಟರ್ 2 ಬಿಡುಗಡೆಯಾದದ್ದು 2012ರಲ್ಲಿ. ಆ ಆಟಕ್ಕಾಗಿ ಕಂಪ್ಯೂಟರಿಗೆ ದುಡ್ಡು ಹಾಕಿದೆ ಎಂದರೆ, ‘ಅಷ್ಟು ಹಳೆಯ ಆಟ ಯಾವ ಡಬ್ಬದಲ್ಲೂ ಓಡುತ್ತದಲ್ಲ’ ಎನ್ನುವವರೇ ಹೆಚ್ಚು. ಓಡುತ್ತದೆ, ನಿಜ. ಆದರೆ ಆಟ ಹುಟ್ಟಿದ ವರ್ಷ ನೋಡಿ ಅದರ ಭಾರ ಹೇಳಲಾಗದು. ಅದನ್ನು ಮಾಡಿದ ಚೆಕ್ ಕಂಪನಿ ಇಟಲಿ, ಐಬೀರಿಯಾ, ಬಾಲ್ಕನ್, ಗ್ರೀಸ್ ಎಂದು ಒಂದೊಂದೇ ಸೀಮೆಯನ್ನು ಸೇರಿಸುತ್ತ ಬಂದಿದೆ. ಮೊದಲು ಮಾಡಿದ್ದ ಜರ್ಮನಿಯ ಊರುಗಳನ್ನು ಕೆಡವಿ ಹೊಸದಾಗಿ ಕಟ್ಟಿದೆ. ಹೆಸರು ಅದೇ, ಹೊರೆ ಬೇರೆ.

ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವಳು. ಯಾವ ಲಾರಿಗೆ ಎಷ್ಟು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹೋಯಿತು, ಬಾಡಿಗೆ ಎಷ್ಟು, ಇ–ವೇ ಬಿಲ್ ಆಯಿತೇ ಎಂಬುದರಲ್ಲೇ ಹಗಲು ಮುಗಿಯುತ್ತದೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಾನೇ ಲಾರಿ ಹತ್ತಿ ರಾಟರ್‌ಡ್ಯಾಮಿನಿಂದ ಸರಕು ಎತ್ತುತ್ತೇನೆ. ಹಗಲೂ ಲಾರಿ, ರಾತ್ರಿಯೂ ಲಾರಿಯೇ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ರಾತ್ರಿಯ ಲಾರಿಯ ಬಾಡಿಗೆ ಬಾಕಿ ಉಳಿಯುವುದಿಲ್ಲ.

ಕಂಪ್ಯೂಟರ್ 2018ರಲ್ಲಿ ಕೊಂಡದ್ದು: ರೈಜೆನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್‌ನಲ್ಲಿ, ಚಿತ್ರ ಬಿಡಿಸುವ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ವಿದ್ಯುತ್ ಪೂರೈಸುವ 450 ವಾಟ್‌ನ ಎಸ್‌ಎಂಪಿಎಸ್. ಹೆದ್ದಾರಿಯಲ್ಲಿ ಯಾವ ತಕರಾರೂ ಇರಲಿಲ್ಲ. ಊರೊಳಗೆ ತಿರುಗಿದ ಕೂಡಲೇ ತಡವರಿಕೆ ಶುರು. ಹಿಂದಿನ ಟ್ರೇಲರನ್ನು ಕನ್ನಡಿ ನೋಡಿಕೊಂಡು ಬಂದರಿನ ಕಟ್ಟೆಗೆ ಹಚ್ಚುವಾಗ ಚಿತ್ರ ಅರೆಗಳಿಗೆ ನಿಂತರೆ ಏನಾಗುತ್ತದೆ ಎಂಬುದು ಈ ಆಟ ಆಡಿದವರಿಗೆ ಗೊತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗನ ತೀರ್ಪು ಫೋನಿನಲ್ಲೇ ಬಂತು. “ಚಿಕ್ಕಮ್ಮ, ನಿನ್ನ ಕಾರ್ಡ್ 2016ರ ಮಾದರಿ. ಮೊದಲು ಅದನ್ನು ಬದಲಿಸು. ಎಲ್ಲರೂ ಹಾಗೆಯೇ ಮಾಡುವುದು.”

“ಎಲ್ಲರ ಕಂಪ್ಯೂಟರಿನ ವಿಷಯ ಬಿಡು. ನನ್ನದು ಏನು ಹೇಳುತ್ತದೆ ನೋಡೋಣ” ಎಂದೆ.

ಅದನ್ನು ನೋಡುವುದು ಕಷ್ಟವಲ್ಲ, ಆದರೂ ಹೆಚ್ಚಿನವರು ನೋಡುವುದಿಲ್ಲ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿಚಿತ್ರ) ಮೂಡುತ್ತಿವೆ, ಕಾರ್ಡ್ ಎಷ್ಟು ದುಡಿಯುತ್ತಿದೆ, ಪ್ರೊಸೆಸರಿನ ಒಂದೊಂದು ಕೋರ್ (ಅದರೊಳಗಿನ ಕೆಲಸದ ಘಟಕ) ಎಷ್ಟು ದುಡಿಯುತ್ತಿದೆ ಎಂದು ತೋರಿಸುತ್ತದೆ. ಊರಿನ ಹೊರಗೆ ಒಂದು ಕಡೆ ಆಟವನ್ನು ಸೇವ್ ಮಾಡಿಟ್ಟುಕೊಂಡೆ. ಪ್ರತಿಸಲವೂ ಅಲ್ಲಿಂದಲೇ ಹೊರಟು, ಅದೇ ಬೀದಿಯಲ್ಲಿ, ಅದೇ ವೇಗದಲ್ಲಿ ಬಂದರಿನವರೆಗೆ. ಊರೊಳಗೆ ಫ್ರೇಮ್ 42ರ ಆಸುಪಾಸಿಗೆ ಇಳಿಯುತ್ತಿತ್ತು. ಕಾರ್ಡ್ ಮಾತ್ರ ಶೇ 55ರಲ್ಲಿ ಆರಾಮವಾಗಿತ್ತು. ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ಮತ್ತೆ ಅದೇ ಬೀದಿಗೆ ಬಂದೆ. ಚಿತ್ರ ಮಸುಕಾಯಿತೇ ಹೊರತು ಫ್ರೇಮ್ ಏರಲಿಲ್ಲ. ಬಿಡಿಸಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾದರೂ ವೇಗ ಬರಲಿಲ್ಲವೆಂದರೆ ಬಿಡಿಸುವ ಕಾರ್ಡ್ ತಡಮಾಡುತ್ತಿಲ್ಲ, ಅದಕ್ಕೆ ಕೆಲಸ ಹಂಚುವ ಪ್ರೊಸೆಸರ್ ತಡಮಾಡುತ್ತಿದೆ ಎಂದೇ ಅರ್ಥ.

‘ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಬರೀ ಶೇ 20 ತೋರಿಸುತ್ತಿದೆಯಲ್ಲ’ ಎಂದು ಹುಡುಗ ಪಟ್ಟು ಹಿಡಿದ. ಹಲವರು ಎಡವುವುದು ಇಲ್ಲೇ. ಆ ಪ್ರೊಸೆಸರಿಗೆ 12 ಥ್ರೆಡ್‌ಗಳು, ಅಂದರೆ ಒಟ್ಟಿಗೆ ಕೆಲಸ ಹಿಡಿಯುವ 12 ಸಾಲುಗಳು. ಒಂದೇ ಥ್ರೆಡ್ ಪೂರ್ತಿ ಬಸವಳಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ 8 ಚಿಲ್ಲರೆ. ಈ ಆಟವೋ ಮುಖ್ಯ ಕೆಲಸವನ್ನೆಲ್ಲ ಒಂದೇ ಥ್ರೆಡ್ಡಿನ ತಲೆಗೆ ಕಟ್ಟುತ್ತದೆ. ಮೂಲೆಯ ಅಂಕಿಗಳಲ್ಲಿ ಒಂದು ಕೋರ್ ಮಾತ್ರ ನೂರರ ಹತ್ತಿರ, ಉಳಿದವು ತೂಕಡಿಸುತ್ತಿದ್ದವು. ಅಂದಹಾಗೆ, ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು ಟೈಪಿಸಿದರೆ ‘ನಿಮ್ಮ ಜೋಡಿಯಲ್ಲಿ ಇಷ್ಟು ಪ್ರತಿಶತ ಅಡಚಣೆ’ ಎಂದು ಜಾತಕ ನೋಡಿದಂತೆ ಹೇಳುವ ತಾಣಗಳಿವೆ, ಅವನ್ನು ನಂಬಬೇಡಿ. ಅಡಚಣೆ ಆಟದಿಂದ ಆಟಕ್ಕೆ, ಇದೇ ಆಟದಲ್ಲಿ ಬೀದಿಯಿಂದ ಬೀದಿಗೆ ಬದಲಾಗುತ್ತದೆ.

ಕಾಸು ಬಿಚ್ಚುವ ಮೊದಲು ಮಾಡಬಹುದಾದದ್ದು ಒಂದಿತ್ತು. ಈ ಆಟದಲ್ಲಿ ಲಾರಿಯ ಪ್ರತಿಯೊಂದು ಕನ್ನಡಿಗೂ ಹಿಂದಿನ ದೃಶ್ಯವನ್ನು ಬೇರೆಯಾಗಿಯೇ ಬಿಡಿಸಬೇಕು. ಕನ್ನಡಿಯಲ್ಲಿ ಎಷ್ಟು ದೂರದವರೆಗೆ ಕಾಣಬೇಕು ಎಂಬುದನ್ನು ಒಂದು ಹಂತ ಇಳಿಸಿದೆ. ಅಷ್ಟಕ್ಕೇ ಕೆಲವು ಫ್ರೇಮ್ ಸಿಕ್ಕಿತು. ಹೊಸ ಸಾಮಾನು ತರಿಸುವ ಮುನ್ನ ಎಲ್ಲರೂ ಇದನ್ನು ಮಾಡಿ ನೋಡಬಹುದು.

ಇನ್ನು ಸರಾಸರಿ. ನಮ್ಮ ಮಾರುಕಟ್ಟೆಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಣಗಳಿರುತ್ತವೆ. ಒಂದೇ ಅಂಕಣ ನೋಡಿ ಅಡಿಕೆ ಮಾರುವವರಿಲ್ಲ. ಫ್ರೇಮಿನ ವಿಷಯದಲ್ಲಿ ಮಾತ್ರ ಜನ ಸರಾಸರಿ ಒಂದನ್ನೇ ಹಿಡಿದು ಕೂರುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್, 75 ಎಂದರೆ 13.3. ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿಯಲ್ಲಿ ಅದರ ಗುರುತೇ ಸಿಗದು, ಕಣ್ಣಿಗೆ ಮಾತ್ರ ಕಲ್ಲು ತಗುಲಿದಂತಾಗುತ್ತದೆ. ಆದ್ದರಿಂದ ನಾನು ನೋಡುವುದು ಅತಿ ನಿಧಾನದ ಶೇ 1 ಫ್ರೇಮ್‌ಗಳ ಲೆಕ್ಕವನ್ನು. ಅದು ನನ್ನಲ್ಲಿ 20ರ ಕೆಳಗಿತ್ತು.

ಬಿ350 ಬೋರ್ಡ್ ಹೊಂದಿರುವವರ ಅದೃಷ್ಟ ಒಂದಿದೆ. 2020ರಲ್ಲಿ ರೈಜೆನ್ 5000 ಸರಣಿ ಬಂದಾಗ ಈ ಹಳೆಯ ಬೋರ್ಡ್‌ಗಳಿಗೆ ಅಧಿಕೃತ ಅನುಮತಿ ಇರಲಿಲ್ಲ. 2022ರಲ್ಲಿ ರೈಜೆನ್ ತಯಾರಿಸುವ ಎಎಂಡಿ ಮನಸ್ಸು ಬದಲಿಸಿತು, ಬೋರ್ಡ್ ತಯಾರಕರು ಹೊಸ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಕೊಟ್ಟರು. ಹೀಗಾಗಿ ಬೋರ್ಡ್, ರ‍್ಯಾಮ್ ಎಲ್ಲವನ್ನೂ ಎಸೆಯದೆ ರೈಜೆನ್ 5 5600 ಹಾಕಲು ಸಾಧ್ಯ. ಕೋರ್ ಆರೇ, ಥ್ರೆಡ್ ಹನ್ನೆರಡೇ, ವಿದ್ಯುತ್ ಅಂಕಿಯೂ ಅದೇ 65 ವಾಟ್. ಆದರೆ ಒಂದೊಂದು ಕೋರ್ ಬಹಳ ಚುರುಕು, ಪ್ರೊಸೆಸರಿನೊಳಗಿನ ವೇಗದ ಸ್ಮರಣೆ ಎಲ್3 ಕ್ಯಾಶ್ 16 ಎಂಬಿಯಿಂದ 32 ಎಂಬಿಗೆ ಏರಿದೆ. ಒಂದೇ ಥ್ರೆಡ್ಡಿಗೆ ಜೋತುಬಿದ್ದ ಆಟಕ್ಕೆ ಬೇಕಾದದ್ದು ಅದೇ. ಇನ್ನೊಂದು ಲಾಭ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ರ ಪಟ್ಟಿಯಲ್ಲಿ 1600 ಇಲ್ಲ, 5600 ಇದೆ.

ಅಕ್ಕನ ಮಗ ಎಸ್.ಪಿ. ರಸ್ತೆಗೆ ಹೋಗಿ ಸಾಮಾನು ಕೊಂಡು ಚೌತಿಗೆ ಬರುವಾಗ ತಂದ. ಪೆಟ್ಟಿಗೆಯಿಲ್ಲದ ‘ಟ್ರೇ’ ಪ್ರೊಸೆಸರ್ ಸಾವಿರಕ್ಕೂ ಹೆಚ್ಚು ಅಗ್ಗಕ್ಕೆ ಸಿಗುತ್ತದೆ ಎಂದು ಅಂಗಡಿಯಿಂದಲೇ ಫೋನ್ ಮಾಡಿದ್ದ. ಬೇಡವೆಂದೆ. ಪೆಟ್ಟಿಗೆಯ ಪ್ರೊಸೆಸರಿಗೆ ಎಎಂಡಿಯ ಮೂರು ವರ್ಷದ ವಾರಂಟಿ ಇದೆ, ಜೊತೆಗೆ ಕೂಲರೂ ಬರುತ್ತದೆ. ಅದರೊಂದಿಗೆ 8 ಜಿಬಿಯ ಇನ್ನೊಂದು ರ‍್ಯಾಮ್, 500 ಜಿಬಿಯ ಎಸ್‌ಎಸ್‌ಡಿ, ಒಂದು ಡಿಸ್ಪ್ಲೇ ಪೋರ್ಟ್ ಕೇಬಲ್. ಎಲ್ಲ ಸೇರಿ ಹದಿನಾರು ಸಾವಿರದೊಳಗೆ, ಜಿಎಸ್‌ಟಿ ಬಿಲ್ ಸಹಿತ. ಬಿಲ್ ಇಲ್ಲದ್ದು ನನ್ನ ಮನೆಯೊಳಗೆ ಬರುವುದಿಲ್ಲ.

ಪ್ರೊಸೆಸರ್ ಬಿಚ್ಚುವ ಮೊದಲೇ, ಹಳೆಯದು ಕೂತಿರುವಾಗಲೇ ಬಯಾಸ್ ಬದಲಿಸಬೇಕು. ಹಳೆಯ ಬಯಾಸಿಗೆ ಹೊಸ ಪ್ರೊಸೆಸರಿನ ಗುರುತು ಸಿಗದು, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೆಲವು ಬೋರ್ಡ್‌ಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಹಾಕಿಕೊಂಡೇ ಮುಂದಿನದಕ್ಕೆ ಹೋಗಬೇಕು. ತಯಾರಕರ ಪುಟದಲ್ಲಿ ಬರೆದಿರುತ್ತದೆ. ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಹೊರಗೆ ಚೌತಿಯ ಮಳೆ, ದೀಪ ಮಿಣುಕುತ್ತಿತ್ತು. ವಖಾರಿಯಲ್ಲಿ ಬದಲಿಸಿದ ಹಳೆಯ 600 ವಿಎ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿಟ್ಟದ್ದು ಆ ಹೊತ್ತಿಗೆ ಒದಗಿತು. ಬಯಾಸ್ ಪರದೆಯಲ್ಲಿ ಕಂಪ್ಯೂಟರ್ ಎಳೆಯುವುದು ಕಡಿಮೆ, ಆ ಯುಪಿಎಸ್ ಧಾರಾಳ ಸಾಕು.

ಆಮೇಲೆ ಕೂಲರ್ ಕೀಳುವುದು. ಈ ಬೋರ್ಡಿನ ಎಎಂ4 ಸಾಕೆಟ್ಟಿಗೆ ಕೂರುವ ಪ್ರೊಸೆಸರಿನ ಪಿನ್‌ಗಳು ಪ್ರೊಸೆಸರಿನ ಅಡಿಯಲ್ಲೇ ಇವೆ, ಒಟ್ಟು 1331. ಕೂಲರಿಗೂ ಪ್ರೊಸೆಸರಿಗೂ ನಡುವೆ ಬಳಿದು ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ, ಸಾಕೆಟ್ಟಿನ ಸನ್ನೆ ಮುಚ್ಚಿದ್ದರೂ ಪ್ರೊಸೆಸರ್ ಅದಕ್ಕೆ ಕಚ್ಚಿಕೊಂಡೇ ಕಿತ್ತು ಬರಬಹುದು, ಪಿನ್ ಬಾಗಬಹುದು. ಅದಕ್ಕೇ ಮೊದಲು ಕಾಲು ಗಂಟೆ ಆಟ ಆಡಿ ಬಿಸಿ ಮಾಡಿದೆವು, ಆಮೇಲೆ ಪವರ್ ತೆಗೆದು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಸಡಿಲಿಸಿದೆವು. ಹುಡುಗ ಕೂಲರನ್ನು ಎತ್ತದೆ, ಬಾಟಲಿಯ ಮುಚ್ಚಳದಂತೆ ಎಡಕ್ಕೂ ಬಲಕ್ಕೂ ತಿರುಚಿದ. ಕಿರ್ ಎಂದು ಬಿಟ್ಟುಕೊಂಡಿತು. ಪ್ರೊಸೆಸರ್ ತನ್ನ ಜಾಗದಲ್ಲೇ ಇತ್ತು. ಹೊಸದನ್ನು ಇಡುವಾಗ ಮೂಲೆಯ ತ್ರಿಕೋನ ಗುರುತು ನೋಡಿ ಇಟ್ಟರೆ ತಾನಾಗಿ ಇಳಿಯುತ್ತದೆ, ಒತ್ತಬಾರದು.

ರ‍್ಯಾಮ್ ಎರಡನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಎರಡೂ ಒಟ್ಟಿಗೆ ದುಡಿಯುತ್ತವೆ. 3200ರ ರ‍್ಯಾಮ್ ಎಂದು ಕೊಂಡರೂ ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟಿಂಗ್ ಆನ್ ಮಾಡುವವರೆಗೆ ಅದು ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ನನ್ನ ಹಳೆಯ ಸ್ಟಿಕ್ ಇಷ್ಟು ವರ್ಷ 2133ರಲ್ಲಿತ್ತು, ಏಕೆಂದರೆ 1600 ಜೊತೆ 3200ಕ್ಕೆ ಏರಿಸಿದರೆ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. 5600 ಒಂದೇ ಮಾತಿಗೆ ಒಪ್ಪಿಕೊಂಡಿತು.

ಮಾನಿಟರ್ 75 ಹರ್ಟ್ಸ್‌ನದು, ಆದರೆ ವಿಂಡೋಸ್ ಅದನ್ನು 60ರಲ್ಲೇ ಇಟ್ಟಿತ್ತು. ಸೆಟಿಂಗ್ ಬದಲಿಸಿದ್ದು ಪುಕ್ಕಟೆ. ಎಚ್‌ಡಿಎಂಐ ಬಿಟ್ಟು ಡಿಸ್ಪ್ಲೇ ಪೋರ್ಟ್ ಹಾಕಿದ್ದು, ಕಾರ್ಡ್ ಚಿತ್ರ ಕೊಟ್ಟಂತೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳುವ ಫ್ರೀಸಿಂಕ್‌ಗಾಗಿ. ನನ್ನದೂ ಸೇರಿ ಎನ್‌ವಿಡಿಯಾದ 10 ಸರಣಿಯ ಕಾರ್ಡ್‌ಗಳು 2019ರ ಡ್ರೈವರಿನಿಂದೀಚೆಗೆ ಅದನ್ನು ಒಪ್ಪುತ್ತವೆ, ಆದರೆ ಆ ಕೇಬಲ್ಲಿನಲ್ಲಿ ಮಾತ್ರ. ಇಡೀ ಖರ್ಚಿನಲ್ಲಿ ರೂಪಾಯಿಗೆ ಅತಿ ಹೆಚ್ಚು ಬೆಲೆ ತಂದುಕೊಟ್ಟದ್ದು ಆ ಕೇಬಲ್ ಎಂದು ನನ್ನ ಎಣಿಕೆ. ಎಸ್‌ಎಸ್‌ಡಿಯಿಂದ ಫ್ರೇಮ್ ಏರದು. ಓಡುತ್ತಿರುವಾಗ ಹೊಸ ಊರಿನ ಚಿತ್ರಗಳನ್ನು ತಂದುಕೊಳ್ಳಬೇಕಾದಾಗ ಆಗುತ್ತಿದ್ದ ಎಳೆತ ಮಾತ್ರ ಹೋಯಿತು.

ಅದೇ ಬೀದಿ, ಅದೇ ಬಂದರು: ಈಗ 75ಕ್ಕೆ ಕಟ್ಟಿಹಾಕಿದ್ದೇನೆ, ಕೆಳಗಿಳಿಯುವುದು ಅಪರೂಪ. ಆ ಶೇ 1ರ ಅಂಕಿ 50 ದಾಟಿದೆ. ಕನ್ನಡಿಯ ದೂರವನ್ನು ಮತ್ತೆ ಪೂರ್ತಿಗೆ ಏರಿಸಿಕೊಂಡೆ. ವರ್ಷದ ಕೊನೆಗೆ ರ‍್ಯಾಮಿನ ಬೆಲೆ ಏರಿದ ಪರಿ ಕಂಡು, ಚೌತಿಗೇ ತರಿಸಿದ್ದಕ್ಕೆ ಅಕ್ಕನ ಮಗನಿಗೆ ಇನ್ನೊಂದು ಡಬ್ಬ ಚಕ್ಕುಲಿ ಕಳಿಸಿದೆ.

ಅವನು ಕಾರ್ಡಿನ ಹಟ ಬಿಟ್ಟಿಲ್ಲ. ಅವನ ಮಾತಿನಲ್ಲೂ ಹುರುಳಿದೆ. 10 ಸರಣಿಗೆ ಆಟಗಳ ಹೊಸ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿತು, ಭದ್ರತೆಯ ತಿದ್ದುಪಡಿಗಳು ಮಾತ್ರ 2028ರವರೆಗೆ ಬರುತ್ತವೆ. ಆಟದ ಸ್ಕೇಲಿಂಗನ್ನು (ಚಿತ್ರವನ್ನು ದೊಡ್ಡದಾಗಿ ಬಿಡಿಸಿ ಪರದೆಗೆ ಕುಗ್ಗಿಸುವುದು) ಶೇ 200ಕ್ಕೆ ಇಟ್ಟರೆ ತಂತಿ, ಬೇಲಿಗಳ ಅಂಚು ನುಣುಪಾಗುತ್ತದೆ, ಆಗ ಕಾರ್ಡ್ ಶೇ 99ಕ್ಕೆ ಹೋಗಿ ಏದುಸಿರು ಬಿಡುತ್ತದೆ, 125ರಲ್ಲಿ ಇಟ್ಟುಕೊಂಡಿದ್ದೇನೆ. 132 ವಾಟ್‌ನ ಆರ್‌ಎಕ್ಸ್ 6600 ಕಾರ್ಡ್ ನನ್ನ 450 ವಾಟ್‌ನ ಎಸ್‌ಎಂಪಿಎಸ್‌ಗೆ ಒಗ್ಗುತ್ತದೆ ಎಂದು ಅವನು ಆಗಾಗ ಅದರ ಬೆಲೆಯ ಚಿತ್ರ ಕಳಿಸುತ್ತಾನೆ. ನೋಡುತ್ತೇನೆ. ಈ ವರ್ಷ ಚಾಲಿಯ ದರ ಹೇಗಿರುತ್ತದೋ ಅದರ ಮೇಲೆ ನಮ್ಮ ಬೋನಸ್ಸು, ಬೋನಸ್ಸಿನ ಮೇಲೆ ಕಾರ್ಡು.