ತೂತು ತೂತಾಗಿಯೇ ಇರಲಿ

ಜುಲೈ 12, 2025, ಶನಿವಾರ
ಧಾರವಾಡ

ಖಾಲಿ ಬಿದ್ದಿದ್ದ ಕ್ವಾರ್ಟರ್ಸ್‌ನ ಅಡುಗೆಮನೆಯಲ್ಲಿ ಇವತ್ತು ಪಾಠಕ್ಕಾಗಿ ಒಂದು ಸುಳ್ಳು ಕೊಲೆ. ಕೃತ್ಯ ನಡೆದ ಕೋಣೆಯನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯಾಗಿ ಕಟ್ಟುವ ಪಾಠ. ನೆಲಕ್ಕೆ ಬಣ್ಣದ ನೀರು, ಉರುಳಿಸಿಟ್ಟ ಸ್ಟೀಲ್ ಕೊಡ, ಬಾಗಿಲ ಸಂದಿಯಲ್ಲೊಂದು ಖಾಲಿ ಕಾಡತೂಸು. ಹತ್ತಾರು ಲಕ್ಷದ ಲೇಸರ್ ಸ್ಕ್ಯಾನರ್ ಪ್ರತಿ ಠಾಣೆಗೂ ಬರುವ ಕಾಲ ಹತ್ತಿರದಲ್ಲಿಲ್ಲ. ಆದ್ದರಿಂದ ಜೇಬಿನಲ್ಲಿರುವ ಫೋನುಗಳಲ್ಲೇ ಕೆಲಸ.

ಒಂದು ಗುಂಪಿನವರು ಫೋಟೊಗ್ರಾಮೆಟ್ರಿ ಮಾಡಿದರು. ಒಂದರ ಮೇಲೊಂದು ಮುಕ್ಕಾಲು ಪಾಲು ಹೊದ್ದುಕೊಳ್ಳುವಂತೆ ಸುತ್ತಲೂ ಫೋಟೊ ತೆಗೆದರೆ, ಕೋಲ್‌ಮ್ಯಾಪ್‌ನಂಥ ಉಚಿತ ತಂತ್ರಾಂಶ ಅವುಗಳಲ್ಲಿ ಸಮಾನ ಬಿಂದುಗಳನ್ನು ಹುಡುಕಿ ಕೋಣೆಯನ್ನೇ ಕಟ್ಟಿಕೊಡುತ್ತದೆ. ಆಕಾರ ಸರಿ, ಅಳತೆ ಮಾತ್ರ ಅದಕ್ಕೆ ತಿಳಿಯದು. ಚಿತ್ರದೊಳಗೆ ಸ್ಕೇಲ್ ಇಡದಿದ್ದರೆ ಅಡುಗೆಮನೆಯೂ ಒಂದೇ, ಬೆಂಕಿಪೊಟ್ಟಣವೂ ಒಂದೇ. ಇನ್ನೊಂದು ಗುಂಪಿನ ಐಫೋನ್ 12 ಪ್ರೋದಲ್ಲಿ ಲೈಡಾರ್ ಇದೆ, ಅಂದರೆ ಬೆಳಕು ಬಿಟ್ಟು ದೂರ ಅಳೆಯುವ ಸಂವೇದಕ. ಸುಮಾರು ಐದು ಮೀಟರಿನವರೆಗೆ ದೂರವನ್ನು ತಾನೇ ಅಳೆಯುತ್ತದೆ, ಬೇಗ ಮುಗಿಯುತ್ತದೆ. ಆದರೆ ಕಾಡತೂಸು ನೆಲದಲ್ಲೇ ಕರಗಿಹೋಯಿತು. ಅಷ್ಟು ಸಣ್ಣದಕ್ಕೆ ಪಕ್ಕದಲ್ಲಿ ಸ್ಕೇಲಿಟ್ಟು ಬೇರೆ ಫೋಟೊ ತೆಗೆಯಲೇಬೇಕು.

ಪಾಠಕ್ಕೆ ಬಂದಿದ್ದ ನಿವೃತ್ತ ಇನ್‌ಸ್ಪೆಕ್ಟರ್ ಸಾಹೇಬರು ಎಲ್ಲ ನೋಡಿ, "ಕಿಟಕಿ ಹೊರಗ ನಿಂತಾಂವಗ ಹೆಣ ಕಾಣ್ತಿತ್ತೇನ್ರಿ?" ಅಂದರು. ಮಹಜರಿನಲ್ಲಿ ಚಕ್ಕುಬಂದಿ ಇರುತ್ತದೆ, ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ಗೋಡೆ. ಕಿಟಕಿ ನೆಲದಿಂದ ಎಷ್ಟು ಎತ್ತರ ಅಂತ ಅವತ್ತು ಯಾರೂ ಬರೆದಿರುವುದಿಲ್ಲ. ವರ್ಷಗಳಾದ ಮೇಲೆ ಪಾಟೀಸವಾಲಿನಲ್ಲಿ ವಕೀಲರು ಕೇಳುವುದು ಅದನ್ನೇ. ಅಷ್ಟರಲ್ಲಿ ಮನೆಗೆ ಸುಣ್ಣ ಬಳಿದು ಹೊಸ ಬಾಡಿಗೆದಾರರು ಬಂದಿರುತ್ತಾರೆ. ನಾವು ಮಾದರಿಯಲ್ಲಿ ಕಿಟಕಿಯ ಎತ್ತರ ಅಳೆದೆವು, ಆಮೇಲೆ ಟೇಪಿನಲ್ಲೂ. ಸೆಂಟಿಮೀಟರಿನಷ್ಟು ವ್ಯತ್ಯಾಸ. ಸಾಹೇಬರು ತಲೆದೂಗಿದರು, ಟೇಪನ್ನು ಮಾತ್ರ ಕೈಬಿಡಲಿಲ್ಲ. ಬಿಡಬಾರದು ಕೂಡ.

ನನಗೆ ಇರಿಸುಮುರಿಸಾಗಿದ್ದು ಕೊಡದ ವಿಷಯದಲ್ಲಿ. ಫೋಟೊಗ್ರಾಮೆಟ್ರಿಗೆ ಹೊಳೆಯುವ ಪಾತ್ರೆ, ಗಾಜು, ಬೋಳು ಬಿಳಿ ಗೋಡೆ ಆಗಿಬರುವುದಿಲ್ಲ. ಹಿಡಿದುಕೊಳ್ಳಲು ಗುರುತೇ ಸಿಗದೆ ಅಲ್ಲೆಲ್ಲ ತೂತು ಬೀಳುತ್ತದೆ. ಒಬ್ಬ ಹುಡುಗ ತಂತ್ರಾಂಶದಲ್ಲಿ ತೂತು ಮುಚ್ಚುವ 'ಫಿಲ್ ಹೋಲ್ಸ್' ಒತ್ತಿದ. ಕೊಡದ ಹಿಂದೆ ನುಣುಪಾದ ನೆಲ ಬಂತು, ಅದಕ್ಕೆ ಸಿಮೆಂಟಿನದೇ ಬಣ್ಣ. ನೋಡಲು ಚೆಂದ. ಆದರೆ ಆ ಜಾಗವನ್ನು ಯಾವ ಕ್ಯಾಮೆರಾವೂ ನೋಡಿಲ್ಲ! ಅಲ್ಲಿ ರಕ್ತದ ಹನಿ ಇದ್ದಿದ್ದರೆ ಅದನ್ನು ಒರೆಸಿಹಾಕಿದ್ದು ನಾವೇ ಆಗುತ್ತಿದ್ದೆವು. ಅದನ್ನು ತೆಗೆಸಿ, ತೂತು ಹಾಗೇ ಇಟ್ಟು, 'ಇಲ್ಲಿ ಚಿತ್ರಣವಿಲ್ಲ' ಎಂದು ಬರೆಸಿದೆ.

ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು, ವಿಡಿಯೊ ಆಗಬೇಕು ಎನ್ನುತ್ತದೆ 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 176(3). ಅದರ ಜೊತೆಗೇ ಜಾರಿಯಾದ ಸಾಕ್ಷ್ಯ ಅಧಿನಿಯಮದಲ್ಲಿ ಡಿಜಿಟಲ್ ದಾಖಲೆಗೆ ಬೇಕಾದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಅಂದರೆ ಕಡತದ ಬೆರಳಚ್ಚು, ಕಡತ ಒಂಚೂರು ಬದಲಾದರೂ ಅದು ಬದಲಾಗುತ್ತದೆ. ಹಾಗಾಗಿ ಮೂಲ ಫೋಟೊಗಳಿಗೆ ಅಲ್ಲೇ ಹ್ಯಾಶ್ ತೆಗೆಸಿದೆ, ಮಾದರಿ ಕಟ್ಟುವ ಮೊದಲು. ಮಾದರಿಯನ್ನು ಬೇಕೆಂದಾಗ ಮತ್ತೆ ಕಟ್ಟಬಹುದು.

ಮುಂದಿನ ಶನಿವಾರ ಇದೇ ಕೋಣೆ, ಕರೆಂಟಿಲ್ಲದೆ. ಟಾರ್ಚ್ ಕೈಯಲ್ಲಿ ಹಿಡಿದರೆ ನೆರಳು ಓಡಾಡಿ ತಂತ್ರಾಂಶ ಎಡವುತ್ತದೆ, ಸ್ಟ್ಯಾಂಡ್ ತರಲು ಹೇಳಿದ್ದೇನೆ.