ತಿರುಗಿ ಬಾರದ ನೈವೇದ್ಯ

2019ರ ಜನವರಿಯಲ್ಲಿ ಊರಿನಲ್ಲಿ ಅಪ್ಪ ತೀರಿಕೊಂಡಾಗ ನಾನು ಅಥೆನ್ಸ್‌ನಲ್ಲಿದ್ದೆ. ಸುದ್ದಿ ತಿಳಿದು, ಟಿಕೆಟ್ ಹೊಂದಿಸಿಕೊಂಡು, ಎರಡು ವಿಮಾನ ಬದಲಿಸಿ ಸಾಗರದ ಸಮೀಪದ ನಮ್ಮ ಮನೆಯ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಅಸ್ಥಿ ಸಂಚಯನವೂ ಮುಗಿದಿತ್ತು. ತಮ್ಮ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ಕುಳಿತಿದ್ದ. ಮದುವೆಯಾಗಿ ಬೇರೆ ಗೋತ್ರಕ್ಕೆ ಸೇರಿದ ಮಗಳಿಗೆ ನಮ್ಮ ಕಡೆಯ ಲೆಕ್ಕದಲ್ಲಿ ಮೂರೇ ದಿನದ ಸೂತಕ. ತಮ್ಮ ಎಳ್ಳುನೀರು ಬಿಡುವಾಗ ನಾನು ಅಡುಗೆಮನೆಯ ಬಾಗಿಲ ಬಳಿ ನಿಂತು ನೋಡಿದೆ. ಅವನ ಬೆರಳ ಸಂದಿನಿಂದ ಇಳಿದು ಹೋಗುತ್ತಿದ್ದ ಆ ನೀರಿನಲ್ಲಿ ನನ್ನದೂ ಒಂದು ಹನಿ ಸೇರಲಿ ಎಂದು ಮನಸ್ಸು ಬಹಳ ಹಂಬಲಿಸಿತು, ಆದರೆ ಹಾಗೆಂದು ಬಾಯಿ ಬಿಟ್ಟು ಕೇಳಲಿಲ್ಲ. ಹೊರಡುವ ದಿನ ಅಮ್ಮ, "ವರ್ಷಾಂತಿಕ ಆಗುವ ತನಕ ನಮಗೆ ಹಬ್ಬ ಇಲ್ಲ ಮಗಾ, ಅಲ್ಲಿಯೂ ಏನೂ ಮಾಡಬೇಡ" ಎಂದು ಹೇಳಿ ಕಳುಹಿಸಿದರು.

ಅಮ್ಮ 'ಅಲ್ಲಿಯೂ' ಎಂದದ್ದಕ್ಕೆ ಕಾರಣವಿದೆ. ನಾನು ಅಥೆನ್ಸ್‌ನಲ್ಲಿ ಹಳೆಯ ಗ್ರೀಕ್ ದೇವತೆಗಳ ಹಬ್ಬಗಳನ್ನು ಆಚರಿಸುತ್ತೇನೆಂಬುದು ಅವರಿಗೆ ಗೊತ್ತು. ನಾನು ಬಹುದೇವಾರಾಧಕಿ. ಕುಲದೇವರು, ಗ್ರಾಮದೇವತೆ, ಹಿತ್ತಲ ನಾಗ, ತೋಟದ ಅಂಚಿನ ಚೌಡಿ, ಇವರೆಲ್ಲರೂ ಒಂದೇ ಮನೆಯ ಲೆಕ್ಕದಲ್ಲಿ ಬರುತ್ತಿದ್ದ ಊರಿನಲ್ಲಿ ಬೆಳೆದವಳಿಗೆ ಈ ಮಾತನ್ನು ಯಾರಿಗೂ ಬಿಡಿಸಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಬೇರೆ ಊರಿಗೆ ಹೋಗಿ ನೆಲೆಸಿದವರು ಅಲ್ಲಿನ ದೇವರಿಗೆ ಹಣ್ಣುಕಾಯಿ ಮಾಡಿಸುವುದನ್ನು ನಮ್ಮಲ್ಲಿ ಯಾರೂ ಪಕ್ಷಾಂತರವೆಂದು ತಿಳಿಯುವುದಿಲ್ಲ. ಗಂಡನ ಕೆಲಸದ ನಿಮಿತ್ತ ಅಥೆನ್ಸ್‌ಗೆ ಬಂದ ಮೇಲೆ ನಾನು ಮಾಡಿದ್ದೂ ಅದನ್ನೇ. ನಮ್ಮ ದೇವರ ಗೂಡಿನಲ್ಲಿ ಮನೆದೇವರ ಪಟದ ಪಕ್ಕದಲ್ಲಿ ಒಲೆಯ ದೇವತೆ ಹೆಸ್ಟಿಯಾಳಿಗೂ ಒಂದು ದೀಪವಿದೆ.

ಇಲ್ಲಿ ಹಾಗೆ ಪೂಜಿಸುವವರು ಬಹಳ ಜನರಿಲ್ಲ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಯಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ಪೂಜೆಗಳನ್ನು ನಿಷೇಧಿಸಿದ ಮೇಲೆ ಆ ಪರಂಪರೆ ಕಡಿದುಹೋಯಿತು. ಈಗಿನವರು ಅದನ್ನು ಗ್ರಂಥಗಳಿಂದ, ಶಾಸನಗಳಿಂದ, ಮಡಕೆಗಳ ಮೇಲಿನ ಚಿತ್ರಗಳಿಂದ ಹೆಕ್ಕಿ ಜೋಡಿಸಿಕೊಂಡಿದ್ದಾರೆ. ಗ್ರೀಸ್ ದೇಶ ಅವರ ಧರ್ಮಕ್ಕೆ ಕಾನೂನಿನ ಮಾನ್ಯತೆ ಕೊಟ್ಟದ್ದು 2017ರಲ್ಲಿ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಸಾಗಿ ಬಂದ ಹಬ್ಬಗಳಲ್ಲದ್ದರಿಂದ, 'ಹೀಗೇಕೆ ಮಾಡುತ್ತೀರಿ' ಎಂದು ಕೇಳಿದರೆ ಅವರಲ್ಲಿ ಪ್ರತಿಯೊಬ್ಬರೂ ಉತ್ತರ ಕೊಡಬಲ್ಲರು. ಆ ಶ್ರದ್ಧೆಯೇ ನನ್ನನ್ನು ಅವರ ಕಡೆಗೆ ಸೆಳೆದದ್ದು.

ಫೆಬ್ರುವರಿಯಲ್ಲಿ ಗೆಳತಿ ಫೋನ್ ಮಾಡಿ ಅಂಥೆಸ್ತೇರಿಯಕ್ಕೆ ಕರೆದಳು. ಅಪ್ಪ ಹೋಗಿದ್ದಾರೆ, ಈ ವರ್ಷ ನನಗೆ ಹಬ್ಬವಿಲ್ಲ ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀನು ಬರಲೇಬೇಕು. ಸತ್ತವರು ಮನೆಗೆ ಬರುವ ಹಬ್ಬ ಇದು" ಎಂದಳು.

ಅಥೆನ್ಸ್‌ನ ಪ್ರಾಚೀನ ಪಂಚಾಂಗ ನಮ್ಮವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಹೊಸ ತಿಂಗಳು ತೊಡಗುವುದು ಬಿದಿಗೆಯ ಚಂದ್ರದರ್ಶನದ ಹೊತ್ತಿಗೆ, ಋತುಗಳೊಡನೆ ತಾಳೆಯಾಗಲೆಂದು ಆಗಾಗ ಒಂದು ಅಧಿಕ ಮಾಸ. ಕರ್ನಾಟಕದ ಚಾಂದ್ರಮಾನದ ಗೋಡೆ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಂಡರೆ ಒಂದೆರಡು ದಿನಗಳ ವ್ಯತ್ಯಾಸದಲ್ಲಿ ಎಲ್ಲವೂ ಹೊಂದುತ್ತದೆ. ವರ್ಷದ ಎಂಟನೆಯ ತಿಂಗಳಾದ ಅಂಥೆಸ್ತೇರಿಯೋನ್ ಆ ವರ್ಷ ನಮ್ಮ ಮಾಘಕ್ಕೆ ಬಂದಿತ್ತು. ಹಬ್ಬ ಅದರ ಹನ್ನೊಂದು, ಹನ್ನೆರಡು, ಹದಿಮೂರನೆಯ ದಿನಗಳಂದು, ಎಂದರೆ ಶುದ್ಧ ಏಕಾದಶಿಯ ಆಸುಪಾಸಿನ ಮೂರು ದಿನ. ಅದಕ್ಕೆ ಸ್ವಲ್ಪ ಮೊದಲು ನಮ್ಮ ಭೀಷ್ಮಾಷ್ಟಮಿ ಕಳೆದಿತ್ತು. ಮಕ್ಕಳಿಲ್ಲದೆ ಹೋದ ಭೀಷ್ಮನಿಗೆ ಊರವರೆಲ್ಲ ತರ್ಪಣ ಕೊಡುವ ಆ ದಿನ ನನಗೆ ಚಿಕ್ಕಂದಿನಿಂದಲೂ ವಿಶೇಷವಾದದ್ದು. ರಕ್ತಸಂಬಂಧವಿಲ್ಲದವರ ಕೈಯ ನೀರು ಸಲ್ಲುವುದಾದರೆ ಮಗಳ ಕೈಯದು ಏಕೆ ಸಲ್ಲದು ಎಂದು ಆ ವರ್ಷ ಮತ್ತೆ ಮತ್ತೆ ಯೋಚಿಸಿದ್ದೆ.

ಮೊದಲ ದಿನ ಪಿಥೊಯಿಗಿಯ, ಹಿಂದಿನ ಶರತ್ಕಾಲದ ದ್ರಾಕ್ಷಾರಸದ ಹಂಡೆಗಳ ಬಾಯಿ ತೆರೆಯುವ ದಿನ. ತಾವು ಕುಡಿಯುವ ಮೊದಲು ದ್ರಾಕ್ಷಾರಸದ ದೇವರಾದ ಡಿಯೊನೈಸಸನಿಗೆ ಎರೆದು, ಈ ಮದ್ದು ನಮಗೆ ಕೇಡು ಮಾಡದಿರಲಿ, ಒಳಿತನ್ನೇ ಮಾಡಲಿ ಎಂದು ಹಳಬರು ಬೇಡಿಕೊಳ್ಳುತ್ತಿದ್ದರೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಅಂದು ಸಂಜೆ ಗೆಳತಿಯ ಮನೆಯಲ್ಲಿ ಅಷ್ಟನ್ನು ಮುಗಿಸಿದೆವು.

ಎರಡನೆಯ ದಿನ ಖೋಎಸ್, ಗಿಂಡಿಗಳ ಹಬ್ಬ. ಮೂರು ವರ್ಷ ತುಂಬಿದ ಮಕ್ಕಳಿಗೆ ಅಂದು ಹೂವಿನ ಕಿರೀಟ ತೊಡಿಸಿ ಪುಟ್ಟ ಗಿಂಡಿಯೊಂದನ್ನು ಕೊಡುತ್ತಿದ್ದರು. ಅಂಬೆಗಾಲಿಡುವ ಕೂಸುಗಳ, ಆಟದ ಬಂಡಿ ಎಳೆಯುವ ಹುಡುಗರ ಚಿತ್ರವಿರುವ ಅಂಥ ಗಿಂಡಿಗಳು ಅಥೆನ್ಸ್‌ನ ವಸ್ತುಸಂಗ್ರಹಾಲಯಗಳಲ್ಲಿ ಸಾಲಾಗಿ ನಿಂತಿವೆ. ಖೋಎಸ್‌ನ ವಯಸ್ಸಿಗೆ ಬಂದಿದ್ದ ಮಗುವನ್ನು ಆ ಹಬ್ಬಕ್ಕಿಂತ ಮೊದಲೇ ವಿಧಿ ಬಂದು ಒಯ್ದಿತೆಂದು ಹೇಳುವ ಗೋರಿಯ ಬರಹವೊಂದಿದೆ. ಅದನ್ನು ಓದಿದಂದಿನಿಂದ ಆ ಗಿಂಡಿಗಳನ್ನು ಬರಿಯ ಆಟಿಕೆಯೆಂದು ನೋಡಲು ನನ್ನಿಂದಾಗಿಲ್ಲ. ಗೆಳತಿಯ ತಂಗಿಯ ಮಗಳಿಗೆ ಅದೇ ಚಳಿಗಾಲದಲ್ಲಿ ಮೂರು ತುಂಬಿತ್ತು. ಕೆಂಪು, ನೇರಳೆ ಅನಿಮೋನ್ ಹೂಗಳನ್ನು ಬಾದಾಮಿಯ ಹೂಟಿಸಿಲಿನೊಡನೆ ಕಟ್ಟಿ ಅವಳ ತಲೆಗಿಟ್ಟೆವು.

ಆ ದಿನ ದೊಡ್ಡವರು ಕುಡಿಯುವ ರೀತಿಯೇ ನನ್ನನ್ನು ತಡೆದು ನಿಲ್ಲಿಸಿದ್ದು. ಪ್ರಾಚೀನ ಅಥೆನ್ಸ್‌ನ ನಾಟಕಕಾರ ಯೂರಿಪಿಡೀಸನ ನಾಟಕವೊಂದರಲ್ಲಿ ಅದರ ಕಥೆ ಬರುತ್ತದೆ. ತಾಯಿಯನ್ನು ಕೊಂದ ಒರೆಸ್ಟೀಸ್ ಆ ಮೈಲಿಗೆಯನ್ನು ಹೊತ್ತುಕೊಂಡೇ ಅಥೆನ್ಸ್‌ಗೆ ಬಂದಾಗ ಊರಿನವರಿಗೆ ಇಕ್ಕಟ್ಟಾಯಿತು. ಅತಿಥಿಯನ್ನು ಹೊರಗಟ್ಟುವಂತಿಲ್ಲ, ಅವನೊಡನೆ ಒಂದೇ ಪಾತ್ರೆಯಿಂದ ಹಂಚಿಕೊಂಡು ಕುಡಿಯುವಂತೆಯೂ ಇಲ್ಲ. ಆದ್ದರಿಂದ ಪ್ರತಿಯೊಬ್ಬರ ಮುಂದೆಯೂ ಅವರವರದೇ ಒಂದು ಗಿಂಡಿಯಿಟ್ಟು, ಯಾರೂ ಯಾರೊಡನೆಯೂ ಮಾತನಾಡದೆ ಕುಡಿದು ಮುಗಿಸಿದರು. ಸೂತಕದವರನ್ನು ಪಂಕ್ತಿಯಿಂದ ಬೇರೆ ಕೂರಿಸುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಬೇರೆ ಕುಳಿತವನಿಗೆ ನೋವಾಗಬಾರದೆಂದು ಇಡೀ ಊರೇ ಬೇರೆ ಬೇರೆ ಕುಳಿತ ಕಥೆಯನ್ನು ಕೇಳಿದ್ದು ಅದೇ ಮೊದಲು. ನಾನು ಮದ್ಯ ಮುಟ್ಟುವವಳಲ್ಲವಾದ್ದರಿಂದ ನನ್ನ ಗಿಂಡಿಯಲ್ಲಿ ದ್ರಾಕ್ಷಿ ಹಣ್ಣಿನ ರಸವಿತ್ತು. ಆರು ಜನ ಆರು ಗಿಂಡಿಗಳನ್ನು ಹಿಡಿದು ಒಂದೂ ಮಾತಿಲ್ಲದೆ ಕುಳಿತಿದ್ದೆವು. ಅಪ್ಪ ಹೋದ ಮೇಲೆ 'ಹೇಗಾಯಿತು, ಏನಾಗಿತ್ತು' ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಳಲಿದ್ದ ನನಗೆ, ಜನರ ನಡುವೆಯೇ ಇದ್ದು ಯಾರಿಗೂ ಏನನ್ನೂ ಹೇಳಬೇಕಿಲ್ಲದ ಆ ಅರ್ಧ ಗಂಟೆ ಸಾಂತ್ವನದ ನೂರು ಮಾತುಗಳಿಗಿಂತ ಹೆಚ್ಚಿನದಾಯಿತು. ನಾನು ಅತ್ತುಬಿಟ್ಟೆ. ಯಾರೂ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ, ಬರಬಾರದೆಂಬುದೇ ಆ ದಿನದ ನಿಯಮ.

ಮೂರನೆಯ ದಿನ ಖುತ್ರೊಯಿ, ಎಂದರೆ ಗಡಿಗೆಗಳು. ಎಲ್ಲ ಬಗೆಯ ಕಾಳುಗಳನ್ನು ಒಂದೇ ಗಡಿಗೆಯಲ್ಲಿ ಬೇಯಿಸಿ, ಸತ್ತವರನ್ನು ದಾರಿ ಹಿಡಿದು ಕರೆದೊಯ್ಯುವ ಪಾತಾಳದ ಹರ್ಮಿಸನಿಗೆ ಅರ್ಪಿಸುವ ದಿನ. ಜಲಪ್ರಳಯದಲ್ಲಿ ಬದುಕಿ ಉಳಿದವರು ಕೈಗೆ ಸಿಕ್ಕ ಕಾಳನ್ನೆಲ್ಲ ಹೀಗೆ ಬೇಯಿಸಿ, ನೀರುಪಾಲಾದವರಿಗಾಗಿ ಅರ್ಪಿಸಿದರೆಂಬುದು ಇದರ ಹಿನ್ನೆಲೆ. ಅಡುಗೆಯ ಹೊಣೆಯನ್ನು ನಾನೇ ಕೇಳಿ ಪಡೆದುಕೊಂಡೆ. ಯೂರಿಪಿಡೀಸನ ಹೆಸರನ್ನೇ ಹೊತ್ತಿರುವ ಎವ್ರಿಪಿಡು ಬೀದಿಯ ಅಂಗಡಿಗಳಲ್ಲಿ ಗೋಧಿ, ಜವೆ, ಕಾಬೂಲಿ ಕಡಲೆ, ಚನ್ನಂಗಿ, ಬಟಾಣಿ, ಅಗಲ ಅವರೆ ತಂದೆ. ಗಡಿಗೆ ಸಿಫ್ನೋಸ್ ದ್ವೀಪದ ಕುಂಬಾರರದು, ಊರಿನಲ್ಲಿ ಅಮ್ಮ ಮಾಡುವಂತೆಯೇ ಅದನ್ನು ಅಕ್ಕಚ್ಚು ತುಂಬಿಸಿಟ್ಟು ಪಳಗಿಸಿದ್ದೆ. ಹಿಂದಿನ ದಿನ ಸೂರ್ಯ ಮುಳುಗಿದೊಡನೆ ಹೊಸ ದಿನ ಹುಟ್ಟಿತೆಂಬುದು ಇವರ ಲೆಕ್ಕವಾದ್ದರಿಂದ ಕಡಲೆಯನ್ನೂ ಅವರೆಯನ್ನೂ ಆ ಸಂಜೆಯೇ ನೆನೆಹಾಕಿದೆ.

ಬೆಳಿಗ್ಗೆ ಒಲೆ ಹಚ್ಚಿದಾಗ ತಿಳಿದದ್ದು, ಆರು ಕಾಳುಗಳನ್ನು ಒಂದೇ ಹದಕ್ಕೆ ತರುವುದು ಸಾಮಾನ್ಯದ ಕೆಲಸವಲ್ಲವೆಂದು. ಕಡಲೆ ಬೇಯುವಷ್ಟರಲ್ಲಿ ಚನ್ನಂಗಿ ಕರಗಿ ಗಂಜಿಯಾಗುತ್ತದೆ, ಗೋಧಿ ಬಿರಿಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು. ಒಂದೊಂದನ್ನೇ ಸರದಿಯಂತೆ ಹಾಕುತ್ತಾ, ಮೇಲೆ ಕಟ್ಟಿದ ನೊರೆಯನ್ನು ತೆಗೆಯುತ್ತಾ, ಆಗಾಗ ಒಂದು ಕಾಳನ್ನೆತ್ತಿ ಎರಡು ಬೆರಳುಗಳ ನಡುವೆ ಹಿಚುಕಿ ನೋಡುತ್ತಾ ಮೂರು ಗಂಟೆ ನಿಂತೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಕೊನೆಯಲ್ಲಿ ಜೇನು ಹಾಕಿ ಕದಡಿದಾಗ ಹಸಿಮಣ್ಣು ಮತ್ತು ಹೊಸ ಧಾನ್ಯ ಕೂಡಿದಂಥ ವಾಸನೆ ಎದ್ದಿತು. ಮಳೆಗಾಲದಲ್ಲಿ ನಮ್ಮ ಕಣಜದ ಬಾಗಿಲು ತೆರೆದರೆ ಬರುತ್ತಿದ್ದದ್ದು ಅದೇ ವಾಸನೆ. ಕಣಜದಿಂದ ಭತ್ತ ಅಳೆದು ಕೊಡುತ್ತಿದ್ದವರು ಅಪ್ಪ.

ಸಂಜೆ ಐದು ಗಂಟೆಗೆ ಗಡಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗ್ರೀಕ್ ದೇವತೆಗಳ ಒಡೆಯನಾದ ಒಲಿಂಪಿಯನ್ ಜ್ಯೂಸ್‌ನ ದೇಗುಲದ ಹಿಂಬದಿಗೆ ಹೋದೆವು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಆರಂಭವಾಗಿ ಚಕ್ರವರ್ತಿ ಹೇಡ್ರಿಯನ್‌ನ ಕಾಲದಲ್ಲಿ ಮುಗಿದ ಆ ದೇಗುಲದ 104 ಕಂಬಗಳಲ್ಲಿ ಈಗ ನಿಂತಿರುವುದು 15 ಮಾತ್ರ. ಹದಿನಾರನೆಯದು 1852ರ ಬಿರುಗಾಳಿಗೆ ಉರುಳಿ, ಅಡುಕಿಟ್ಟ ಬಿಲ್ಲೆಗಳು ಜಾರಿದಂತೆ ಮಲಗಿದೆ. ಆ ಆವರಣದ ನೆಲದಲ್ಲಿ ಒಂದು ಮೊಳದಷ್ಟು ಬಿರುಕಿತ್ತೆಂದೂ, ಪ್ರಳಯದ ನೀರು ಇಂಗಿ ಹೋದದ್ದು ಅದರೊಳಗೇ ಎಂದು ನಂಬಿ ಜನ ವರ್ಷಕ್ಕೊಮ್ಮೆ ಜೇನು ಕಲಸಿದ ಗೋಧಿ ಹಿಟ್ಟನ್ನು ಅದಕ್ಕೆ ಹಾಕುತ್ತಿದ್ದರೆಂದೂ ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ದಾಖಲಿಸಿದ್ದಾನೆ. ಪುರಾತತ್ವ ಸ್ಥಳದೊಳಗೆ ಪೂಜೆಗೆ ಅವಕಾಶವಿಲ್ಲ. ಬೇಲಿಯ ಹೊರಗೆ, ಸಂತ ಫೋಟಿನಿಯ ಚರ್ಚಿನ ಬಳಿ, ಇಲಿಸೋಸ್ ನದಿಯ ಹಳೆಯ ಪಾತ್ರದ ಒಂದು ತುಣುಕು ಉಳಿದುಕೊಂಡಿದೆ. ಉಳಿದ ನದಿಯ ಬಹುಭಾಗವನ್ನು ನಗರ ತನ್ನ ರಸ್ತೆಗಳ ಕೆಳಗೆ ಹೂತುಬಿಟ್ಟಿದೆ. ಅಲ್ಲೊಂದು ಮರದ ಬುಡದಲ್ಲಿ ಕೈಯಿಂದಲೇ ಮಣ್ಣು ತೋಡಿದೆವು.

ಗೆಳತಿ ಹರ್ಮಿಸನನ್ನು ಕರೆದು ಹಳೆಯ ಗ್ರೀಕಿನಲ್ಲಿ ಸ್ತೋತ್ರ ಹೇಳಿದಳು. ನಾನು ಗಡಿಗೆಯಿಂದ ಮೊದಲ ಹಿಡಿಯನ್ನು ಮಣ್ಣಿಗೆ ಹಾಕಿ, ಎಷ್ಟೋ ವರ್ಷಗಳ ಅಭ್ಯಾಸದಿಂದ, ಉಳಿದದ್ದನ್ನು ಎಲ್ಲರಿಗೂ ಹಂಚಲೆಂದು ಚೀಲದಿಂದ ಬಟ್ಟಲುಗಳನ್ನು ತೆಗೆದೆ. ಗೆಳತಿ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡು, "ಇದರಲ್ಲಿ ನಮಗೆ ಪಾಲಿಲ್ಲ. ಯಾರೂ ರುಚಿ ನೋಡುವುದಿಲ್ಲ" ಎಂದಳು. ಅದು ನಿಜವೆಂದು ಓದಿ ತಿಳಿದಿದ್ದೆ, ಕೈಗೆ ಮಾತ್ರ ತಿಳಿದಿರಲಿಲ್ಲ. ನನ್ನ ಬದುಕಿನಲ್ಲಿ ದೇವರಿಗೆ ಇಟ್ಟದ್ದೆಲ್ಲ ಪ್ರಸಾದವಾಗಿ ತಿರುಗಿ ಬಂದಿದೆ. ಶ್ರಾದ್ಧದ ಪಿಂಡವನ್ನೂ ಕಾಗೆ ಮುಟ್ಟುವ ತನಕ ಕಾದು, ಆಮೇಲೆ ಮನೆಮಂದಿ ಊಟಕ್ಕೆ ಕುಳಿತಿದ್ದೇವೆ. ಇಲ್ಲಿ ಕೊಟ್ಟದ್ದು ಕೊಟ್ಟಂತೆಯೇ. ಮೂರು ಗಂಟೆ ನಿಂತು ಬೇಯಿಸಿದ ಅಷ್ಟೂ ಕಾಳು ಬಿಸಿಯಾರುವ ಮೊದಲೇ ಮಣ್ಣಿನೊಳಗೆ ಹೋಗುವುದನ್ನು ನೋಡುತ್ತಿದ್ದಾಗ, ಅಪ್ಪ ಇನ್ನು ಬರುವುದಿಲ್ಲವೆಂಬ ಸತ್ಯ ಒಂದೂವರೆ ತಿಂಗಳಲ್ಲಿ ಮೊದಲ ಬಾರಿಗೆ ನನ್ನೊಳಗೆ ಇಳಿಯಿತು.

"ನೀರು ಯಾರು ಬಿಡಬೇಕು?" ಎಂದು ಕೇಳಿದೆ. ನನ್ನ ಪ್ರಶ್ನೆ ಅವಳಿಗೆ ಅರ್ಥವೇ ಆಗಲಿಲ್ಲ. "ನಿನ್ನ ತಂದೆ. ನೀನಲ್ಲದೆ ಇನ್ಯಾರು?" ಎಂದಳು. ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಲೆಕಿಥೋಸ್ ಎಂಬ ಬಿಳಿಯ ಎಣ್ಣೆ ಪಾತ್ರೆಗಳಿವೆ. ಸತ್ತವರಿಗೆಂದೇ ಮಾಡಿದ ಆ ಪಾತ್ರೆಗಳ ಮೇಲೆ, ಅಗಲವಾದ ಬುಟ್ಟಿಯಲ್ಲಿ ನೂಲಿನ ಪಟ್ಟಿಗಳನ್ನೂ ಹಾರಗಳನ್ನೂ ಹೊತ್ತು ಗೋರಿಗೆ ಬಂದ ಹೆಂಗಸರ ಚಿತ್ರಗಳು ಒಂದೆರಡಲ್ಲ. ಅವರನ್ನು ನೆನೆದುಕೊಂಡು ತಂಬಿಗೆ ಎತ್ತಿದೆ. ಅಪ್ಪನ ಹೆಸರನ್ನೂ ಗೋತ್ರವನ್ನೂ ಕನ್ನಡದಲ್ಲಿಯೇ ಹೇಳಿ ಮೂರು ಸಲ ನೀರು ಬಿಟ್ಟೆ. ಒಣಗಿದ್ದ ಮಣ್ಣು ಸದ್ದು ಮಾಡುತ್ತಾ ಅದನ್ನು ಕುಡಿಯಿತು. ಊರಿನಲ್ಲಿ ತಮ್ಮ ಬಿಟ್ಟ ನೀರು ಅಪ್ಪನಿಗೆ ಮುಟ್ಟಿದೆಯೆಂದು ನಾನು ನಂಬುತ್ತೇನೆ. ಇದೂ ಮುಟ್ಟಿದೆಯೆಂದು ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ.

ಮನೆಗೆ ಮರಳುವಾಗ ಕತ್ತಲಾಗುತ್ತಿತ್ತು. ಬಂದ ಆತ್ಮಗಳನ್ನು ಹಬ್ಬ ಮುಗಿದೊಡನೆ ಕಳುಹಿಸಿಕೊಡಬೇಕು. ಬಾಗಿಲುಗಳಿಗೆ ರಾಳ ಬಳಿದು, 'ಥೂರಾಜೆ ಕೇರೆಸ್, ಊಕೆತ್ ಅಂಥೆಸ್ತೇರಿಯ' ಎಂದು ಕೂಗುತ್ತಿದ್ದರಂತೆ, 'ಆತ್ಮಗಳೇ ಹೊರಡಿ, ಅಂಥೆಸ್ತೇರಿಯ ಮುಗಿಯಿತು' ಎಂದು ಅದರ ಅರ್ಥ. ಗೆಳತಿ ಪೈನ್ ಮರದ ರಾಳವನ್ನು ಚಿಕ್ಕ ಡಬ್ಬಿಯಲ್ಲಿ ಕೊಟ್ಟು ಕಳುಹಿಸಿದ್ದಳು. ನಮ್ಮದು ಬಾಡಿಗೆಯ ಫ್ಲ್ಯಾಟ್ ಆದ್ದರಿಂದ ಬಾಗಿಲ ಚೌಕಟ್ಟಿನ ಒಳಮೈಯಲ್ಲಿ ಯಾರ ಕಣ್ಣಿಗೂ ಬೀಳದ ಕಡೆ ಒಂದು ಕಪ್ಪು ಬೊಟ್ಟನ್ನು ಇಟ್ಟೆ. ಕೂಗುವ ಮಾತು ಮಾತ್ರ ಗಂಟಲಿನಿಂದ ಹೊರಡಲಿಲ್ಲ. ಗಂಡ ನನ್ನ ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ನಾನು ಬಾಗಿಲನ್ನು ಪೂರ್ತಿ ತೆರೆದು, "ಹೋಗಿ ಬನ್ನಿ ಅಪ್ಪಾ" ಎಂದೆ.

ಅಮ್ಮನಿಗೆ ಫೋನ್ ಮಾಡಿದಾಗ ಊರಿನಲ್ಲಿ ರಾತ್ರಿ ಹತ್ತೂವರೆ ದಾಟಿತ್ತು. ಹಬ್ಬ ಬೇಡವೆಂದಿದ್ದರೂ ಮಾಡಿದೆನೆಂದು ಹೇಳಿ, ಕಾಳು, ಜೇನು, ನೀರು, ಎಲ್ಲವನ್ನೂ ಮುಚ್ಚಿಡದೆ ವಿವರಿಸಿದೆ. ಅವರು ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿಸಿಕೊಂಡರು.

"ಕಡಲೆ ಹಾಕಿದ್ದೆಯಾ?" ಎಂದರು ಕೊನೆಗೆ. "ನಿನ್ನ ಅಪ್ಪನಿಗೆ ಕಡಲೆ ಇಷ್ಟ."

"ಹಾಕಿದ್ದೆ ಅಮ್ಮಾ."

"ಮೆತ್ತಗೆ ಬೆಂದಿತ್ತು ತಾನೇ? ಅವರಿಗೆ ಹಲ್ಲು ನೋವಿತ್ತು."

ಬೆಂದಿತ್ತು ಎಂದೆ.