‘ದಿ ಎಕ್ಸಾರ್ಸಿಸ್ಟ್’ ನೋಡಿದವರು ಕಂಡದ್ದೇನು?

ಹುಡುಗಿಯೊಬ್ಬಳಿಗೆ ಹಿಡಿದ ದೆವ್ವವನ್ನು ಬಿಡಿಸಲು ಪಾದ್ರಿಗಳಿಬ್ಬರು ಹೆಣಗುವ ಕಥೆಯ, ವಿಲಿಯಂ ಫ್ರೀಡ್ಕಿನ್ ನಿರ್ದೇಶನದ ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಹೆದರಿಕೆಯಾಯಿತೇ ಇಲ್ಲವೇ ಎಂಬ ಪ್ರಶ್ನೆ. ಹಳೆಯ ತಲೆಮಾರಿನವರು ಹೌದೆನ್ನುತ್ತಾರೆ. ಈಗಿನವರು ಮಂಚ ಕುಣಿಯುವುದನ್ನೂ ಹುಡುಗಿಯ ತಲೆ ಹಿಂದಕ್ಕೆ ತಿರುಗುವುದನ್ನೂ ಹಸಿರು ವಾಂತಿಯನ್ನೂ ನೋಡಿ ನಗುತ್ತಾರೆ. ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಐವತ್ತು ವರ್ಷಗಳಿಂದ ಈ ಚಿತ್ರದ ಬಗ್ಗೆ ಜನ ಆಡಿದ, ಬರೆದ ಮಾತುಗಳನ್ನು ಓದುತ್ತ ಬಂದಿರುವ ನನಗೆ ಈ ಪ್ರಶ್ನೆಯೇ ತೀರ ಸಣ್ಣದೆನ್ನಿಸುತ್ತದೆ. ಒಂದೇ ಚಿತ್ರದಲ್ಲಿ ಒಬ್ಬೊಬ್ಬರು ಕಂಡದ್ದು ಎಷ್ಟು ಬೇರೆಬೇರೆ ಎಂಬುದರಲ್ಲಿ ಅದಕ್ಕಿಂತ ಹೆಚ್ಚಿನ ಸ್ವಾರಸ್ಯವಿದೆ.

ಚಿತ್ರ ಅಮೆರಿಕದಲ್ಲಿ ತೆರೆಗೆ ಬಂದದ್ದು 1973ರ ಡಿಸೆಂಬರ್ 26ರಂದು, ಅಂದರೆ ಕ್ರಿಸ್ಮಸ್‌ನ ಮರುದಿನ. ವಿಲಿಯಂ ಪೀಟರ್ ಬ್ಲಾಟಿ 1971ರಲ್ಲಿ ಪ್ರಕಟಿಸಿದ್ದ ಕಾದಂಬರಿ ಇದಕ್ಕೆ ಆಧಾರ. ಕಾದಂಬರಿಗೆ ಪ್ರೇರಣೆಯಾದದ್ದು 1949ರಲ್ಲಿ ಮೇರಿಲ್ಯಾಂಡ್‌ನ ಬಾಲಕನೊಬ್ಬನಿಗೆ ಕ್ಯಾಥೊಲಿಕ್ ಪಾದ್ರಿಗಳು ನಡೆಸಿದ ಭೂತೋಚ್ಚಾಟನೆಯ ಸುದ್ದಿ. ಚಳಿಗಾಲದ ಕೊರೆಯುವ ಗಾಳಿಯಲ್ಲಿ ಜನ ಟಿಕೆಟ್ಟಿಗಾಗಿ ಗಂಟೆಗಟ್ಟಲೆ ಸಾಲು ನಿಂತರು, ಒಳಗೆ ಹೋದವರಲ್ಲಿ ಕೆಲವರು ಮೂರ್ಛೆ ಹೋದರು, ಕೆಲವರು ವಾಂತಿ ಮಾಡಿಕೊಂಡರು, ಇನ್ನು ಕೆಲವರು ಅರ್ಧದಲ್ಲೇ ಎದ್ದು ಹೊರಬಂದರು. ಬ್ರಿಟನ್ನಿನಲ್ಲಿ ಕೆಲವು ಊರುಗಳ ಸ್ಥಳೀಯ ಆಡಳಿತಗಳು ಪ್ರದರ್ಶನವನ್ನೇ ತಡೆದಾಗ, ಚಿತ್ರ ನಡೆಯುತ್ತಿದ್ದ ಪಕ್ಕದ ಊರಿಗೆ ಪ್ರೇಕ್ಷಕರನ್ನು ಕರೆದೊಯ್ಯಲು ಬಸ್ಸುಗಳು ಹೊರಟವು. ಅಲ್ಲಿ ಅದರ ವಿಡಿಯೊ ಪ್ರತಿ 1988ರಿಂದ 1999ರವರೆಗೆ ಅಂಗಡಿಗಳಲ್ಲಿ ಕಾನೂನುಬದ್ಧವಾಗಿ ಸಿಗುತ್ತಿರಲಿಲ್ಲ. ನಿಷೇಧಕ್ಕಿಂತ ದೊಡ್ಡ ಜಾಹೀರಾತು ಯಾವುದಿದ್ದೀತು?

ವಿಮರ್ಶಕರು ಆರಂಭದಲ್ಲೇ ಒಡೆದುಹೋದರು. ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿ ಇದನ್ನು ನಾಜೂಕಾಗಿ ಕಟ್ಟಿದ ಪೊಳ್ಳು ಎಂದು ಬದಿಗಿಟ್ಟರು. ಪಾಲಿನ್ ಕೇಲ್ ಅವರಿಗೆ ಇದು ಕ್ಯಾಥೊಲಿಕ್ ಚರ್ಚಿನ ಭರ್ಜರಿ ಪ್ರಚಾರದಂತೆ ಕಂಡಿತು. ನಾಲ್ಕು ನಕ್ಷತ್ರಗಳನ್ನು ಕೊಟ್ಟ ರೋಜರ್ ಎಬರ್ಟ್ ಕೂಡ, ಏನಾದರೂ ಅನ್ನಿಸಬೇಕಾದರೆ ಜನರಿಗೆ ಇಷ್ಟು ತೀವ್ರವಾದದ್ದು ಬೇಕಾಗುವಷ್ಟು ಅವರ ಮನಸ್ಸು ಮರಗಟ್ಟಿದೆಯೇ ಎಂಬ ಅನುಮಾನದೊಂದಿಗೇ ವಿಮರ್ಶೆಯನ್ನು ಮುಗಿಸಿದರು. ಆಶ್ಚರ್ಯವೆಂದರೆ, ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಚಲನಚಿತ್ರ ವಿಭಾಗ ಚಿತ್ರವನ್ನು ಖಂಡಿಸಲಿಲ್ಲ. ವಯಸ್ಕರು ಎಚ್ಚರದಿಂದ ನೋಡಬಹುದಾದದ್ದು ಎಂದು ವರ್ಗೀಕರಿಸಿತು.

ಈ ಎಲ್ಲ ಅಭಿಪ್ರಾಯಗಳಿಗಿಂತ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಲೇಖಕ ಜೇಮ್ಸ್ ಬಾಲ್ಡ್ವಿನ್ 1976ರಲ್ಲಿ ಬರೆದದ್ದು. ಧರ್ಮೋಪದೇಶಕರ ಮನೆಯಲ್ಲಿ ಬೆಳೆದು, ಹದಿಹರೆಯದಲ್ಲಿ ತಾನೇ ಚರ್ಚಿನ ವೇದಿಕೆಯಿಂದ ಉಪದೇಶ ಮಾಡಿದ್ದ ಈ ಕಪ್ಪುವರ್ಣೀಯ ಲೇಖಕನಿಗೆ ಸೈತಾನ ಅಪರಿಚಿತನಲ್ಲ. ಆದರೆ ಅವನನ್ನು ತಾನು ಕಂಡದ್ದು ಪೊಲೀಸರ ಮತ್ತು ಮನೆ ಮಾಲೀಕರ ಕಣ್ಣುಗಳಲ್ಲಿ, ಒಮ್ಮೊಮ್ಮೆ ಕನ್ನಡಿಯಲ್ಲಿ ತನ್ನದೇ ಕಣ್ಣುಗಳಲ್ಲಿ ಎನ್ನುವ ಬಾಲ್ಡ್ವಿನ್, ಮಂಚ ಅಲುಗಾಡಿಸಿ ಹೊಲಸು ಮಾತಾಡುವುದಷ್ಟೇ ಕೆಡುಕು ಎಂದು ಅಮೆರಿಕನ್ನರು ನಂಬುವಂತೆ ನಟಿಸುವುದನ್ನು ಒಪ್ಪುವುದಿಲ್ಲ. ಚಿತ್ರವನ್ನು ಮೆಚ್ಚಿದವರಲ್ಲಿ ಈ ಆಕ್ಷೇಪಕ್ಕೆ ಸರಿಯಾದ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ನನ್ನ ಬಳಿಯೂ ಪೂರ್ಣ ಉತ್ತರವಿಲ್ಲ. ಆದರೆ ಚಿತ್ರದ ಕೆಡುಕೆಲ್ಲ ಆ ಮಂಚದ ಮೇಲಷ್ಟೇ ಇದೆಯೆಂಬುದನ್ನು ಮಾತ್ರ ನಾನು ಒಪ್ಪಲಾರೆ.

ಯಾಕೆಂದರೆ ಚಿತ್ರದ ಮೊದಲ ಭಾಗದ ಬಹುಪಾಲು ನಡೆಯುವುದು ದೆವ್ವದೊಂದಿಗಲ್ಲ, ವೈದ್ಯರೊಂದಿಗೆ. ಹನ್ನೆರಡು ವರ್ಷದ ರೇಗನ್‌ಳ ವರ್ತನೆ ಕೆಟ್ಟಾಗ ತಾಯಿ ಕ್ರಿಸ್ ಅವಳನ್ನು ಮೊದಲು ಕರೆದೊಯ್ಯುವುದು ಆಸ್ಪತ್ರೆಗೆ. ನರಗಳ ದೋಷವೆಂದು ಮಾತ್ರೆ ಬರೆದುಕೊಡುತ್ತಾರೆ, ಆಮೇಲೆ ಮೆದುಳಿನಲ್ಲಿ ಗಾಯವಿರಬಹುದೆನ್ನುತ್ತಾರೆ, ಒಂದರ ಮೇಲೊಂದು ಪರೀಕ್ಷೆ ನಡೆಸುತ್ತಾರೆ. ಅದರಲ್ಲಿ ಒಂದು, ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ ಹರಿಸಿ ಮೆದುಳಿನ ಎಕ್ಸ್-ರೇ ತೆಗೆಯುವ ಆಂಜಿಯೋಗ್ರಫಿ. ಸಿ.ಟಿ. ಸ್ಕ್ಯಾನ್ ಬಳಕೆಗೆ ಬರುವ ಮುಂಚೆ ವೈದ್ಯರಿಗೆ ಇದ್ದ ದಾರಿಗಳಲ್ಲಿ ಇದೂ ಒಂದು. ಹುಡುಗಿಯ ತಲೆ ಅಲುಗದಂತೆ ಪಟ್ಟಿ ಕಟ್ಟುತ್ತಾರೆ, ಸೂಜಿ ಒಳಗೆ ಹೋದೊಡನೆ ರಕ್ತ ಚಿಮ್ಮುತ್ತದೆ, ಸಿಬ್ಬಂದಿ ಒಂದಿಷ್ಟೂ ವಿಚಲಿತರಾಗದೆ ಕೆಲಸ ಮುಂದುವರಿಸುತ್ತಾರೆ, ಯಂತ್ರ ಸುತ್ತಿಗೆಯ ಪೆಟ್ಟಿನಂತೆ ಸದ್ದು ಮಾಡುತ್ತದೆ. ಚಿತ್ರಕ್ಕೆ ಬಂದ ಎರಡು ಆಸ್ಕರ್‌ಗಳಲ್ಲಿ ಒಂದು ಧ್ವನಿಗೆ (ಇನ್ನೊಂದು ಚಿತ್ರಕಥೆಗೆ) ಸಂದದ್ದು ಏಕೆಂಬುದು ಇಲ್ಲಿ ತಿಳಿಯುತ್ತದೆ. ಕೊನೆಗೆ ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ.

ಅಂದಿನ ಪ್ರೇಕ್ಷಕರಲ್ಲಿ ಹಲವರು ತಾಳಲಾರದೆ ಹೋದದ್ದು ದೆವ್ವದ ಆಟಗಳನ್ನಲ್ಲ, ಈ ದೃಶ್ಯವನ್ನು. ದೆವ್ವದ ಅಬ್ಬರಕ್ಕೆಲ್ಲ ಚಕ್ಕುಲಿ ಮೆಲ್ಲುತ್ತ ನಗುತ್ತಿದ್ದ ನನ್ನ ಗೆಳೆಯನೊಬ್ಬ ಈ ಘಟ್ಟದಲ್ಲಿ ಮುಖ ತಿರುಗಿಸಿದ್ದನ್ನು ನಾನೇ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಮಗುವಿಗೆ ಏನಾಗಿದೆಯೆಂದು ಯಾರೂ ಹೇಳಲಾರದ ಸ್ಥಿತಿ, ಹೇಳಲಾರದವರ ಆತ್ಮವಿಶ್ವಾಸ, ಅವರ ಮುಂದೆ ತಾಯಿಯೊಬ್ಬಳು ದಿನದಿಂದ ದಿನಕ್ಕೆ ಕುಗ್ಗುವುದು, ಇವನ್ನು ಅರ್ಥ ಮಾಡಿಕೊಳ್ಳಲು ಯಾವ ಮತದ ನಂಬಿಕೆಯೂ ಬೇಕಿಲ್ಲ. ಭೂತೋಚ್ಚಾಟನೆಯ ಸಲಹೆಯನ್ನು ಮೊದಲು ಕೊಡುವವರು ಪಾದ್ರಿಗಳಲ್ಲ, ಸೋತು ಕೈಚೆಲ್ಲಿದ ವೈದ್ಯರೇ ಎಂಬುದನ್ನು ಬಹಳ ಮಂದಿ ಮರೆತಿರುತ್ತಾರೆ. ಅದೂ ನಂಬಿಕೆಯಿಂದಲ್ಲ, ತನಗೆ ದೆವ್ವ ಹಿಡಿದಿದೆಯೆಂದು ನಂಬಿದವಳಿಗೆ ದೆವ್ವ ಬಿಟ್ಟಿತೆಂದು ನಂಬಿಸಿದರೆ ವಾಸಿಯಾದೀತು ಎಂಬ ತರ್ಕದಿಂದ.

ನಮ್ಮ ಕಡೆಯ ಪ್ರೇಕ್ಷಕರಿಂದ ಆಗಾಗ ಕೇಳಿಬರುವ ದೂರೊಂದಿದೆ: ಚಿತ್ರ ನಿಧಾನ, ದೆವ್ವ ಬಿಡಿಸುವವನು ಬರುವಷ್ಟರಲ್ಲಿ ಚಿತ್ರವೇ ಮುಗಿಯುತ್ತ ಬಂದಿರುತ್ತದೆ. ಮೈಮೇಲೆ ಬರುವುದು, ಮಾಂತ್ರಿಕನನ್ನು ಕರೆಸುವುದು, ಊರವರೆಲ್ಲ ಸುತ್ತ ನೆರೆಯುವುದು, ಕೊನೆಗೆ ದೇವರ ಗೆಲುವು, ಇವೆಲ್ಲ ನಮ್ಮ ಕಥೆಗಳಲ್ಲಿ ಬಹಿರಂಗವಾಗಿ ನಡೆಯುತ್ತವೆ. ಇಲ್ಲಿಯಾದರೋ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ಬಡಾವಣೆಯ ಮನೆಯೊಂದರ ಮುಚ್ಚಿದ ಕೋಣೆ, ಬಾಯಿಂದ ಹಬೆ ಹೊರಡುವಷ್ಟು ಚಳಿ, ಇಬ್ಬರೇ ಪಾದ್ರಿಗಳು. (ಆ ಹಬೆ ನಿಜವಾದದ್ದು, ಸೆಟ್ಟನ್ನೇ ಶೈತ್ಯಯಂತ್ರಗಳಿಂದ ತಣ್ಣಗಾಗಿಸಿ ಚಿತ್ರೀಕರಿಸಿದ್ದರು.) ನಿಧಾನವೆಂಬ ದೂರನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಇರಾಕಿನಲ್ಲಿ ನಡೆಯುವ ಆರಂಭದ ಭಾಗ ಮೊದಲ ನೋಟಕ್ಕೆ ದಾರಿ ತಪ್ಪಿ ಬೇರೆ ಚಿತ್ರಕ್ಕೆ ಬಂದೆವೇನೋ ಎನ್ನಿಸುತ್ತದೆ.

ಅತ್ಯಂತ ಹಠದ ಭಿನ್ನಾಭಿಪ್ರಾಯವಿರುವುದು ಅಂತ್ಯದ ಬಗ್ಗೆ. ಹಿರಿಯ ಪಾದ್ರಿ ಮೆರಿನ್ ಸತ್ತ ಮೇಲೆ, ಕಿರಿಯನಾದ ಕ್ಯಾರಸ್ ಹುಡುಗಿಯನ್ನು ಬಿಟ್ಟು ತನ್ನೊಳಗೆ ಬಾ ಎಂದು ದೆವ್ವವನ್ನು ಕರೆಯುತ್ತಾನೆ, ಅದು ಬರುತ್ತದೆ, ಅವನ ಕೈಗಳು ಹುಡುಗಿಯತ್ತ ಚಾಚುತ್ತವೆ, ಮರುಕ್ಷಣ ಅವನು ಕಿಟಕಿಯಿಂದ ಹಾರಿ, ಹೊರಗಿನ ಎಪ್ಪತ್ತೈದು ಕಲ್ಲುಮೆಟ್ಟಿಲುಗಳ ಮೇಲಿಂದ ಉರುಳಿ ಸಾಯುತ್ತಾನೆ. ದೆವ್ವವೇ ಅವನನ್ನು ಹೊರಗೆಸೆಯಿತು, ಹಾಗಾಗಿ ಗೆದ್ದದ್ದು ಅದೇ ಎಂದು ನಂಬಿ ಮನೆಗೆ ಹೋದ ಪ್ರೇಕ್ಷಕರು ಬಹಳ. ಇದು ಬ್ಲಾಟಿಯವರನ್ನು ಕಾಡಿತು. ಅವರ ಉದ್ದೇಶದಲ್ಲಿ ಅದು ತ್ಯಾಗ, ಆದ್ದರಿಂದ ಗೆಲುವು. ಗಮನವಿಟ್ಟು ನೋಡಿದರೆ, ಹಾರುವ ಮುನ್ನ ಕ್ಯಾರಸ್‌ನ ಮುಖ ಅರೆಗಳಿಗೆ ತನ್ನ ಸಹಜ ರೂಪಕ್ಕೆ ಮರಳುವುದು ಕಾಣುತ್ತದೆ. ಆದರೆ ಅದು ಎಷ್ಟು ಚುಟುಕೆಂದರೆ, ಕಣ್ಣು ಮುಚ್ಚಿ ಕುಳಿತವರಿಗೆ ಕಾಣುವ ಸಂಭವವೇ ಇಲ್ಲ!

2000ದಲ್ಲಿ ಮರುಬಿಡುಗಡೆಯಾದ ಆವೃತ್ತಿಯಲ್ಲಿ ಬ್ಲಾಟಿಯವರ ಆಸೆಯಂತೆ ಸುಮಾರು ಹತ್ತು ನಿಮಿಷಗಳ ಭಾಗ ಸೇರಿಕೊಂಡಿತು. ಮೊದಲು ಫ್ರೀಡ್ಕಿನ್ ಕತ್ತರಿಸಿದ್ದ, ಪಾದ್ರಿಗಳಿಬ್ಬರು ಮೆಟ್ಟಿಲ ಮೇಲೆ ಕುಳಿತು ಮಾತಾಡುವ ಸನ್ನಿವೇಶ ಅದರಲ್ಲಿದೆ. ಈ ಹುಡುಗಿಯೇ ಏಕೆ ಎಂದು ಕ್ಯಾರಸ್ ಕೇಳುತ್ತಾನೆ. ನಾವೆಲ್ಲ ನಮ್ಮನ್ನೇ ಹೇಯ ಪ್ರಾಣಿಗಳೆಂದು ಕಂಡು ಹತಾಶರಾಗಲಿ ಎಂಬುದೇ ಇದರ ಗುರಿ ಎಂಬರ್ಥದ ಉತ್ತರವನ್ನು ಮೆರಿನ್ ಕೊಡುತ್ತಾನೆ. ಮಾತು ಒಳ್ಳೆಯದೇ, ಬಾಲ್ಡ್ವಿನ್‌ರ ಆಕ್ಷೇಪಕ್ಕೆ ಅಷ್ಟಿಷ್ಟು ಉತ್ತರವೂ ಅದರಲ್ಲಿದೆ. ಆದರೂ ಅದನ್ನು ಕತ್ತರಿಸಿದ ಫ್ರೀಡ್ಕಿನ್ ಅವರ ತೀರ್ಮಾನವೇ ಸರಿಯಾಗಿತ್ತೆಂದು ನನ್ನ ಅಭಿಪ್ರಾಯ. ತೀರಿಹೋದ ತಾಯಿಯ ದನಿಯಲ್ಲಿ ದೆವ್ವ ತನ್ನನ್ನು ಕರೆದಾಗ ಕ್ಯಾರಸ್‌ನ ಮುಖ ಕುಸಿಯುವುದನ್ನು ನೋಡಿದವರಿಗೆ ಆ ಸಂಭಾಷಣೆ ಹೊಸದೇನನ್ನೂ ಹೇಳುವುದಿಲ್ಲ. ಅದನ್ನು ನೋಡದವರಿಗೆ ಹೇಳಿಯೂ ಪ್ರಯೋಜನವಿಲ್ಲ. ಅದೇ ಆವೃತ್ತಿಗೆ ಸೇರಿಸಿದ, ಹುಡುಗಿ ಜೇಡದಂತೆ ಬೆನ್ನುಬಾಗಿ ಮೆಟ್ಟಿಲಿಳಿಯುವ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಕೇಕೆ ಬಿದ್ದೀತೇ ಹೊರತು ಕಥೆಗೆ ಅದರಿಂದ ಆಗಬೇಕಾದದ್ದೇನಿಲ್ಲ.

ಆದ್ದರಿಂದ ಚಿತ್ರವನ್ನು ಇನ್ನೂ ನೋಡದವರು ಮೊದಲು 122 ನಿಮಿಷಗಳ 1973ರ ಆವೃತ್ತಿಯನ್ನೇ ಹುಡುಕಿ ನೋಡುವುದು ಒಳಿತು. ಗೆದ್ದವರು ಯಾರೆಂಬ ಜಗಳಕ್ಕೆ ಇಳಿಯಬೇಕೆನ್ನಿಸಿದರೆ ಆಮೇಲೆ ಉದ್ದನೆಯ ಆವೃತ್ತಿ ಇದ್ದೇ ಇದೆ.